ಮೇಷ್ಟ್ರು ಹಡಗಿನಲ್ಲಿ ಉಳಿದ ದಿನ

ಒದ್ದೆ ಹೊದಿಕೆ ಹಿಂಡುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಆ ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಒಂದು ತುದಿ ಅಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಪೀಪಿಯ ಕೈಯಲ್ಲಿ.

"ಎಡಕ್ಕೆ ತಿರುಗಿಸು. ನಿನ್ನ ಎಡಕ್ಕೆ," ಅಂದಳು ಅಮ್ಮ.

"ನೀನು ಯಾವ ಕಡೆ ತಿರುಗಿಸ್ತೀಯಾ?"

"ನಾನೂ ಎಡಕ್ಕೇ."

"ಇಬ್ರೂ ಒಂದೇ ಕಡೆ ತಿರುಗಿಸಿದ್ರೆ ಅದು ಹೇಗಮ್ಮಾ ಹಿಂಡುತ್ತೆ?"

"ತಿರುಗಿಸು, ಗೊತ್ತಾಗುತ್ತೆ."

ಹೊದಿಕೆ ಹಗ್ಗದಂತೆ ಹುರಿಗೊಂಡು ಸಾಬೂನು ನೀರು ಇಬ್ಬರ ಕಾಲ ಮೇಲೂ ಸುರಿಯಿತು. ಪೀಪಿ ಅದನ್ನು ನೋಡಿ ತಲೆದೂಗಿದಳು, ಒಪ್ಪಿದಂತಲ್ಲ, ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂಬಂತೆ.

ಪೀಪಿ ಅವಳ ಏಳು ವರ್ಷದ ಮಗಳು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಈ ಹೆಸರಿಟ್ಟವರು ಅಜ್ಜಿ. ಸಂತೆಯಲ್ಲಿ ಮಕ್ಕಳಿಗೆ ಪೀಪಿ ಕೊಡಿಸಿದರೆ ಮನೆಗೆ ಬರುವವರೆಗೂ ಹೇಗೆ ಊದುತ್ತವೋ ಹಾಗೆ ಇವಳು ಪ್ರಶ್ನೆ ಕೇಳುತ್ತಿದ್ದಳು. ಇರುವೆಗೆ ಮಂಡಿ ಇದೆಯಾ? ಅಜ್ಜಿ ಚಿಕ್ಕವಳಾಗಿದ್ದಾಗ ಅಜ್ಜಿಯನ್ನು ಏನಂತ ಕರೀತಿದ್ರು? ಸಮುದ್ರಕ್ಕೆ ಇಷ್ಟು ಉಪ್ಪು ಹಾಕಿದವರು ಯಾರು, ರುಚಿ ನೋಡದೆ ಯಾಕೆ ಹಾಕಿದ್ರು? ಅಮ್ಮ ಪಾತ್ರೆ ಉಜ್ಜುತ್ತಾ, ಕಸ ಗುಡಿಸುತ್ತಾ, ಗುಂಡಿ ಹೊಲಿಯುತ್ತಾ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಬೇಸರವೆಂಬುದು ಬರುತ್ತಿರಲಿಲ್ಲವೆಂದಲ್ಲ. ಬಂದರೂ ಅದು ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹಾಗೇ ಹೋಗುತ್ತಿತ್ತು.

ಒಂದು ಪ್ರಶ್ನೆಯನ್ನು ಮಾತ್ರ ಪೀಪಿ ಈವರೆಗೆ ಕೇಳಿರಲಿಲ್ಲ.

ಅವರ ಮನೆ ಬಂದರಿನ ಗೋಡೆಗೆ ಒರಗಿದ ಬೀದಿಯಲ್ಲಿತ್ತು. ಹಡಗು ಕೂಗಿದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ಅಪ್ಪ ದನದ ಲಾರಿ ಓಡಿಸುತ್ತಿದ್ದ. ಗುಡ್ಡದಾಚೆಯ ದೊಡ್ಡಿಗಳಿಂದ ದನ ತುಂಬಿಕೊಂಡು ಬಂದು ಬಂದರಿನ ಕಟ್ಟೆಯಲ್ಲಿ ಹಡಗಿಗೆ ಹತ್ತಿಸುವುದು ಅವನ ಕೆಲಸ. ಹಡಗು ದನಗಳನ್ನು ಹೊಟ್ಟೆ ತುಂಬ ತುಂಬಿಕೊಂಡು ಹೋಗುತ್ತಿತ್ತು, ಕೆಲವು ವಾರ ಕಳೆದು ಮತ್ತೆ ಬರುತ್ತಿತ್ತು. ಪೀಪಿ ಲಾರಿಯ ಸಂದಿಯಲ್ಲಿ ಕಾಣುವ ಒದ್ದೆ ಮೂಗುಗಳಿಗೆ ಕೈ ಬೀಸುತ್ತಿದ್ದಳು. ದನಕ್ಕೆ ಮೇಲಿನ ಹಲ್ಲು ಯಾಕಿಲ್ಲ ಎಂದು ಕೇಳಿದ್ದಳು. ಅವು ನಿಂತುಕೊಂಡೇ ಕನಸು ಕಾಣುತ್ತವಾ ಎಂದು ಕೇಳಿದ್ದಳು. ಹಡಗಿಳಿದ ಮೇಲೆ ಅವುಗಳಿಗೆ ಏನಾಗುತ್ತದೆ ಎಂದು ಮಾತ್ರ ಕೇಳಿರಲಿಲ್ಲ.

ದೊಡ್ಡವರೆಲ್ಲ ಆ ಪ್ರಶ್ನೆಗೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದರು. ಅಲ್ಲಿ ಸೊಂಟದೆತ್ತರ ಹುಲ್ಲು ಬೆಳೆಯುತ್ತೆ, ಇವಕ್ಕೆ ತಿಂದು ಮುಗಿಸೋಕೇ ಆಗಲ್ಲ ಎಂಬುದು ಅಜ್ಜಿಯ ಉತ್ತರ. ನಿಮ್ಮಮ್ಮನ್ನ ಕೇಳು ಎಂಬುದು ಅಪ್ಪನ ಉತ್ತರ. ಅಮ್ಮ ಮಾತ್ರ ಅವಳು ಕೇಳಿದ ದಿನ ನಿಜ ಹೇಳುವುದೆಂದು ತೀರ್ಮಾನಿಸಿದ್ದಳು. ಕೇಳುವವರೆಗೆ ಬೇಡ. ನಿಜ ಹೇಳುವ ಮಾತುಗಳನ್ನು ಒಲೆಯ ಮುಂದೆ ಎಷ್ಟೋ ಸಲ ಜೋಡಿಸಿ ನೋಡಿದ್ದಳು. ಯಾವ ಸಲವೂ ಅವು ನೆಟ್ಟಗೆ ನಿಂತಿರಲಿಲ್ಲ. ಹಾಗಾಗಿ ಮಗಳನ್ನು ಬಂದರಿನ ಗೇಟಿನೊಳಗೆ ಒಂದು ಸಲವೂ ಕರೆದೊಯ್ದಿರಲಿಲ್ಲ.

ಹೊದಿಕೆಯ ಕೊನೆಯ ಸುತ್ತು ಬಿಗಿಯುವಾಗ ಪೀಪಿ ಕೈ ನಿಲ್ಲಿಸಿದಳು.

"ಅಮ್ಮಾ, ಒಂದು ಕೇಳ್ಲಾ?"

ಅಮ್ಮನ ಕೈಯೂ ನಿಂತಿತು. ಪೀಪಿ ಅಪ್ಪಣೆ ಪಡೆದು ಪ್ರಶ್ನೆ ಕೇಳುವ ಜಾತಿಯವಳೇ ಅಲ್ಲ.

"ಕೇಳು ಪುಟ್ಟಾ."

ಅಷ್ಟರಲ್ಲಿ ಬೀದಿಯಲ್ಲಿ ಲಾರಿಯ ಬ್ರೇಕು ಕಿರುಚಿತು, ಪಕ್ಕದ ಮನೆಯ ಕಸದ ಡಬ್ಬಿ ಉರುಳಿತು, ಅಪ್ಪ ಹಿತ್ತಿಲಿಗೆ ನುಗ್ಗಿದ. ಪೀಪಿ ಕೈ ಬಿಟ್ಟಳು. ತೊಳೆದ ಹೊದಿಕೆ ಗಿರ್ರನೆ ಸುತ್ತು ಬಿಚ್ಚಿಕೊಂಡು ಕೆಸರಿನಲ್ಲಿ ಮಲಗಿತು.

"ಬಕೆಟ್ ಎಲ್ಲೇ?" ಅಂದ ಅಪ್ಪ.

ಅಮ್ಮ ಹೊದಿಕೆಯನ್ನು ನೋಡಿದಳು. ಗಂಡನನ್ನು ನೋಡಿದಳು. "ಯಾವ ಬಕೆಟ್ ರೀ?"

"ಬ್ರೆಡ್ಡಿನ ಬಕೆಟ್. ಸೌಟೂ ಬೇಕು."

ಪೀಪಿ ಆಗಲೇ ಬೇಲಿಯ ಸಂದಿಯಿಂದ ಲಾರಿಯೊಳಗೆ ಇಣುಕಿ ನೋಡಿ ಬಂದಿದ್ದಳು. "ಅಪ್ಪಾ, ಮೇಷ್ಟ್ರೆಲ್ಲಿ?"

ಅಪ್ಪ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದ.

ಮೇಷ್ಟ್ರು ಎಂದರೆ ಅವರ ಎತ್ತು. ಕಂದು ಮೈ, ಬಿಳಿ ಮುಖ, ಕೊಂಬಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ವಾಸ. ಹಡಗಿಗೆ ಹತ್ತುವ ಕಬ್ಬಿಣದ ಇಳಿಜಾರಿನ ಮೇಲೆ ಕಾಲಿಡಲು ದನ ಒಪ್ಪುವುದಿಲ್ಲ. ಕೆಳಗೆ ನೀರು ಕಾಣುತ್ತದೆ, ಗೊರಸು ಟಣ್ ಎನ್ನುತ್ತದೆ, ಮೇಲೆ ಕತ್ತಲೆ ಬಾಯಿ ತೆರೆದಿರುತ್ತದೆ. ಆದರೆ ಮುಂದೆ ಒಬ್ಬರು ಹೆದರದೆ ಹತ್ತಿದರೆ ಹಿಂದಿನವು ಹತ್ತುತ್ತವೆ. ಆ ಒಬ್ಬರೇ ಮೇಷ್ಟ್ರು. ಕನ್ನಡಕವೊಂದು ಕಡಿಮೆ ಎಂಬಂಥ ಮುಖ ಹೊತ್ತು, ತಲೆ ತಗ್ಗಿಸಿ, ನಿಧಾನವಾಗಿ ಇಳಿಜಾರು ಹತ್ತುತ್ತಿದ್ದರು. ಹಿಂದೆ ಇಡೀ ತರಗತಿ ಸಾಲಾಗಿ ನಡೆಯುತ್ತಿತ್ತು. ಒಳಗೆ ಎರಡನೇ ತಿರುವಿನಲ್ಲಿ ಗೋಡೆಗೆ ಒಂದು ಸಣ್ಣ ಬಾಗಿಲಿತ್ತು. ಮೇಷ್ಟ್ರು ಅಲ್ಲಿ ಮೆಲ್ಲನೆ ಪಕ್ಕಕ್ಕೆ ಸರಿದು, ಕೆಲಸದವರು ಓಡಾಡುವ ಕಿರಿದಾದ ದಾರಿಯಲ್ಲಿ ಇಳಿದು ಹೊರಗೆ ಬರುತ್ತಿದ್ದರು. ತರಗತಿ ಮುಂದಕ್ಕೆ ಹೋಗುತ್ತಿತ್ತು. ಕೆಳಗೆ ಅಪ್ಪ ಒಣಗಿದ ಬ್ರೆಡ್ಡು ಹಿಡಿದು ನಿಂತಿರುತ್ತಿದ್ದ.

ಆ ಮನೆಯಲ್ಲಿ ಎದುರಿಗೂ ಬೆನ್ನ ಹಿಂದೆಯೂ ಬಹುವಚನ ಸಿಗುತ್ತಿದ್ದದ್ದು ಅಜ್ಜಿಗೆ ಮತ್ತು ಮೇಷ್ಟ್ರಿಗೆ. ಅಪ್ಪನಿಗೆ ಎದುರಿಗಷ್ಟೇ.

"ಹಡಗಿಗೆ ಒಬ್ಬ ಹೊಸ ಖಲಾಸಿ ಬಂದಿದಾನೆ," ಅಂದ ಅಪ್ಪ. "ಬಾಗಿಲು ತೆರೆದಿದೆಯಲ್ಲ, ಯಾರೋ ಮರೆತಿದಾರೆ ಅಂದ್ಕೊಂಡು ಚಿಲಕ ಹಾಕಿಬಿಟ್ಟ. ಮೇಷ್ಟ್ರು ಅಲ್ಲಿಗೆ ಹೋಗಿ ನಿಂತಿದ್ದಾರೆ. ಹಿಂದಿನವು ನೂಕಿವೆ. ಇನ್ನೇನು ಮಾಡ್ತಾರೆ, ಅವುಗಳ ಜೊತೆ ಮುಂದಕ್ಕೆ ಹೋಗಿದ್ದಾರೆ."

"ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ."

"ಅಲ್ಲೇ ಅಂದ್ರೆ?"

"ಚಹಾದಂಗಡಿ ಹತ್ರ."

ಅಜ್ಜಿ ಹಿತ್ತಿಲ ಬಾಗಿಲಲ್ಲಿ ಕೈಯೊರಸಿಕೊಳ್ಳುತ್ತಾ ನಿಂತಿದ್ದರು. "ಮೂರು ಹೊತ್ತೂ ಚಹಾ ಕುಡೀಬೇಡ ಅಂತ ನಾನು ಹೇಳ್ತಾನೇ ಇದ್ದೆ," ಅಂದರು. "ಪಿತ್ತ ಆಗುತ್ತೆ ಅಂತ ಹೇಳಿದ್ದೆ. ಎತ್ತೂ ಹೋಗುತ್ತೆ ಅಂತ ನನಗೇನು ಗೊತ್ತಿತ್ತು?"

"ಒಳಗೆ ಹೋಗಿ ಹುಡುಕಿಲ್ವಾ?" ಅಂದಳು ಅಮ್ಮ.

"ಎಲ್ಲಾ ಕಂದು ಮೈ, ಎಲ್ಲಾ ಬಿಳಿ ಮುಖ. ಯಾರ ಮುಖ ನೋಡಿದ್ರೂ ಮೇಷ್ಟ್ರೇ ಅನ್ನಿಸುತ್ತೆ. ಹಡಗಿನ ಬಕೆಟ್ ಬಡಿದೆ, ಒಂದೂ ತಿರುಗಿ ನೋಡಲಿಲ್ಲ. ನಿನ್ನ ಬಕೆಟ್ಟಿನ ಸದ್ದೇ ಬೇರೆ. ಊಟದ ಹೊತ್ತಿಗೆ ಹಡಗು ಹೊರಡುತ್ತಂತೆ."

ಅಮ್ಮ ಖಾಲಿ ಕೊಟ್ಟಿಗೆಯ ಕಡೆ ನೋಡಿದಳು. ಮೇಷ್ಟ್ರಿಲ್ಲದೆ ಹೋದರೆ ಮುಂದಿನ ಸಲ ಇಳಿಜಾರಿನ ಮೇಲೆ ದೊಣ್ಣೆ ಕೆಲಸ ಮಾಡಬೇಕಾಗುತ್ತದೆ. ಅಪ್ಪನಿಗೆ ದೊಣ್ಣೆ ಎತ್ತಲು ಬರುವುದಿಲ್ಲ, ಅದು ಬರುವವನನ್ನು ಬಂದರಿನವರು ತಂದಿಟ್ಟುಕೊಳ್ಳುತ್ತಾರೆ. ಅದು ಹಾಗಿರಲಿ. ಹಡಗು ಇಳಿಸುವ ಜಾಗದಲ್ಲಿ ಇದು ಮೇಷ್ಟ್ರು, ಇದು ಅಲ್ಲ ಎಂದು ಯಾರು ನೋಡುತ್ತಾರೆ? ಪ್ರತಿದಿನ ಬೆಳಿಗ್ಗೆ ಅವಳು ಬಕೆಟ್ಟಿನ ಅಂಚಿಗೆ ಸೌಟಿನಿಂದ ಎರಡು ಸಣ್ಣ, ಒಂದು ದೊಡ್ಡ ಏಟು ಬಡಿದರೆ ಕೊಟ್ಟಿಗೆಯಿಂದ ಬಿಳಿ ಮುಖವೊಂದು ಹೊರಬರುತ್ತಿತ್ತು. ನಾಳೆ ಅದು ಬಾರದು.

"ಬಕೆಟ್ ತಗೊಂಡು ಹೋಗಿ," ಅಂದಳು.

"ಬರೀ ಬಕೆಟ್ ತಗೊಂಡು ನಾನೇನು ಸ್ನಾನ ಮಾಡ್ಲಾ? ಬಡಿಯೋ ಕೈಯೂ ಬೇಕು. ನೀನು ಬಾ."

"ಪೀಪಿ ಅಜ್ಜಿ ಹತ್ರ ಇರಲಿ."

ಆದರೆ ಪೀಪಿ ಅಲ್ಲಿರಲಿಲ್ಲ. ಸೌಟೂ ಇರಲಿಲ್ಲ. ಎರಡೂ ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದವು. ಸೌಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಪೀಪಿ ನೇರ ಮುಂದಕ್ಕೆ ನೋಡುತ್ತಿದ್ದಳು. ಇಳಿಸಬೇಕೆಂದರೆ ಸೀಟು ಸಮೇತ ಇಳಿಸಬೇಕು ಎಂಬಂತಿತ್ತು ಅವಳ ಕೂರುವಿಕೆ. ವಾದ ಮಾಡಲು ಹೊತ್ತಿರಲಿಲ್ಲ. ಅಮ್ಮ ಒದ್ದೆ ಕೈಯಲ್ಲೇ ಬಕೆಟ್ ಎತ್ತಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ಹತ್ತಿದಳು.

ಬಂದರಿನ ಕಟ್ಟೆಗೆ ಒರಗಿ ಹಡಗು ನಿಂತಿತ್ತು. ಒಂದರ ಮೇಲೊಂದು ಅಂತಸ್ತು, ಅಂತಸ್ತಿಗೆಲ್ಲ ಕಂಬಿ, ಕಂಬಿಯ ಸಂದಿಗೆಲ್ಲ ಮೂಗು. ಇಳಿಜಾರಿನ ಬುಡದಲ್ಲಿ ಕ್ಯಾಪ್ಟನ್ ಕಾಯುತ್ತಿದ್ದ. ಸಣಕಲು ಮನುಷ್ಯ, ಅಂಗಿ ಮಾತ್ರ ಹಾಲಿನಂಥ ಬಿಳುಪು. ದನದ ಹಡಗಿನಲ್ಲಿ ಅಂಥ ಅಂಗಿ ಹಾಕಿಕೊಳ್ಳುವವನ ಬಟ್ಟೆ ಒಗೆಯುವವರು ಯಾರೋ ಎಂದು ಅಮ್ಮನಿಗೆ ಪಾಪವೆನಿಸಿತು.

"ತಾಯಿ, ನಿಮ್ಮ ಯಜಮಾನರು ಬಂದು, ಮೇಷ್ಟ್ರು ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಕೂಗಿದ್ರು," ಅಂದ ಕ್ಯಾಪ್ಟನ್. "ವಯಸ್ಸಾದವರು, ಸಕ್ಕರೆ ಕಾಯಿಲೆ ಇದ್ದರೂ ಇರಬಹುದು ಅಂತ ನಾನು ಬಿಸ್ಕತ್ತು, ನೀರು, ಸ್ಟ್ರೆಚರ್ ಎಲ್ಲಾ ಕಳಿಸಿಕೊಟ್ಟೆ. ಆಮೇಲೆ ಗೊತ್ತಾಯ್ತು, ಅವರಿಗೆ ಬಾಲ ಇದೆ ಅಂತ."

"ಬಿಸ್ಕತ್ತು ಏನಾಯ್ತು?" ಅಂದಳು ಪೀಪಿ.

"ಅದನ್ನ ಖಲಾಸಿ ತಿಂದ. ನೋಡಿ ತಾಯಿ, ನೀರು ಇಳಿಯೋಕೆ ಶುರುವಾದ್ರೆ ನನ್ನ ಹಡಗು ಕೆಸರಲ್ಲಿ ಕೂರುತ್ತೆ. ಅಷ್ಟರಲ್ಲಿ ಸಿಕ್ಕಿದ್ರೆ ಸಿಕ್ಕಿದ್ರು. ಇಲ್ಲಾಂದ್ರೆ ಹಗ್ಗ ಬಿಚ್ಚಬೇಕು, ನೀವು ಕಟ್ಟೆ ಮೇಲೆ ನಿಂತು ಹೋಗಿ ಬನ್ನಿ ಅಂತ ಕೈ ಬೀಸಬೇಕು."

ಹೊಸ ಖಲಾಸಿ ದಾರಿ ತೋರಿಸಲು ಮುಂದೆ ನಡೆದ. ಗಡ್ಡದಲ್ಲಿ ಬಿಸ್ಕತ್ತಿನ ಪುಡಿ ಇನ್ನೂ ಇತ್ತು. "ತೆರೆದ ಬಾಗಿಲು ಕಂಡ್ರೆ ಮುಚ್ಚಬೇಕು ಅಂತ ನಮ್ಮಮ್ಮ ಚಿಕ್ಕಂದಿನಿಂದ ಬಯ್ದು ಬಯ್ದು ಕಲಿಸಿದ್ಳು ಅಕ್ಕಾ," ಅಂದ. "ಫ್ಯಾನ್ ಗಾಳಿ ಹೊರಗೆ ಹೋಗುತ್ತೆ ಅಂತ ಮುಚ್ಚಿದೆ."

"ನಿಮ್ಮಮ್ಮನ ತಪ್ಪಿಲ್ಲ ಬಿಡಪ್ಪ," ಅಂದಳು ಅಮ್ಮ. ತಾಯಂದಿರ ಮೇಲೆ ಬರುವ ದೂರುಗಳನ್ನು ಅವಳು ಅಲ್ಲಲ್ಲೇ ವಜಾ ಮಾಡುತ್ತಿದ್ದಳು.

ಒಳಗೆ ಬಿಸಿ. ಸೆಗಣಿ, ಹುಲ್ಲು, ಬೆವರು, ಎಣ್ಣೆ ಎಲ್ಲ ಕಲಸಿದ ವಾಸನೆ. ತಲೆಯ ಮೇಲೆ ದೊಡ್ಡ ಫ್ಯಾನುಗಳು ಗುಂಯ್ಗುಡುತ್ತಿದ್ದವು. ಓಣಿಯ ಎರಡೂ ಬದಿಗೆ ಕಂಬಿ ಹಾಕಿದ ದೊಡ್ಡಿಗಳು, ನೆಲಕ್ಕೆ ಮರದ ಹೊಟ್ಟು, ಕಂಬಿಗೆ ತೂಗುಹಾಕಿದ ಗೋದಲಿಗಳು. ಅಮ್ಮ ಬಕೆಟ್ ಬಡಿದಳು. ಎರಡು ಸಣ್ಣ, ಒಂದು ದೊಡ್ಡ. ಓಣಿಯುದ್ದಕ್ಕೂ ಬಿಳಿ ಮುಖಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. ಮದುವೆಮನೆಗೆ ತಡವಾಗಿ ಬಂದವಳಂತೆ ಅವಳಿಗೆ ನಾಚಿಕೆಯಾಯಿತು. ಮೇಷ್ಟ್ರ ಸುಳಿವಿಲ್ಲ.

ಪೀಪಿ ಖಲಾಸಿಯ ಪಕ್ಕ ನಡೆಯುತ್ತಿದ್ದಳು. ಅವನಿಗಿನ್ನೂ ಅವಳ ಪರಿಚಯವಿರಲಿಲ್ಲ, ಪಾಪ.

"ಮಾಮಾ, ಹಡಗು ಅಲ್ಲಾಡಿದ್ರೆ ಇವಕ್ಕೆ ವಾಂತಿ ಬರಲ್ವಾ?"

"ಇವಕ್ಕೆ ಬರಲ್ಲ. ನನಗೆ ಬರುತ್ತೆ."

"ಹಾಗಾದ್ರೆ ಯಾಕೆ ಹಡಗಿನ ಕೆಲಸಕ್ಕೆ ಸೇರಿದ್ರಿ?"

"ಸೇರಿದ ಮೇಲೇ ಗೊತ್ತಾಗಿದ್ದು."

"ರಾತ್ರಿ ದೀಪ ಆರಿಸ್ತೀರಾ? ಇವಕ್ಕೆ ಕತ್ತಲೆ ಅಂದ್ರೆ ಹೆದರಿಕೆ."

"ಒಂದು ದೀಪ ಉರೀತಾ ಇರುತ್ತೆ."

"ಸಮುದ್ರಕ್ಕೆ ಬಿದ್ರೆ?"

"ಕಂಬಿ ಇದೆಯಲ್ಲ."

"ವಾಪಸ್ ಬರುವಾಗ ಹಡಗಲ್ಲಿ ಯಾರಿರ್ತಾರೆ?"

"ಯಾರೂ ಇಲ್ಲ, ಖಾಲಿ ಬರುತ್ತೆ," ಅಂದುಬಿಟ್ಟ ಖಲಾಸಿ. ಅಂದ ಮೇಲೆ ಅಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಅಂದ್ರೆ ನಾವಿರ್ತೀವಿ. ಕ್ಯಾಪ್ಟನ್ ಇರ್ತಾರೆ. ಅಡುಗೆಯವನು ಇರ್ತಾನೆ."

ಅಮ್ಮ ಕಾದಳು. ಈಗ ಬರುತ್ತದೆ, ಇನ್ನೊಂದು ಹೆಜ್ಜೆಗೆ ಬರುತ್ತದೆ. ಒಲೆಯ ಮುಂದೆ ಜೋಡಿಸಿದ್ದ ಮಾತುಗಳನ್ನೆಲ್ಲ ಗಡಿಬಿಡಿಯಲ್ಲಿ ಕರೆದು ನಿಲ್ಲಿಸಿಕೊಂಡಳು. ಆದರೆ ಪೀಪಿ ಸುಮ್ಮನಾಗಿದ್ದಳು. ಕಂಬಿಗಳ ಮೇಲೆ ಬೆರಳಾಡಿಸುತ್ತಾ ನಡೆಯುತ್ತಿದ್ದಳು, ಒಂದು ಕಂಬಿಯನ್ನೂ ಬಿಡದೆ. ಆ ಮಗು ಸುಮ್ಮನಿದ್ದದ್ದನ್ನು ಅಮ್ಮ ನೋಡಿದ್ದು ಜ್ವರ ಬಂದಾಗ ಮಾತ್ರ. ಹಣೆ ಮುಟ್ಟಿ ನೋಡಬೇಕೆನಿಸಿತು. ಕೈಯಲ್ಲಿ ಬಕೆಟ್ ಇತ್ತು.

ಮೇಲಿನ ಅಂತಸ್ತಿನ ಮೂಲೆಯ ದೊಡ್ಡಿಯಲ್ಲಿ ಮೇಷ್ಟ್ರು ಸಿಕ್ಕಿದರು. ಸಿಕ್ಕಿದರು ಎನ್ನುವುದಕ್ಕಿಂತ ಸಿಕ್ಕಿಬಿದ್ದರು ಎನ್ನಬೇಕು. ಬಕೆಟ್ಟಿನ ಸದ್ದಿಗೆ ಒಂದು ತಲೆ ಗೋದಲಿಯಿಂದ ಮೇಲೆದ್ದಿತು. ಅಮ್ಮನನ್ನು ಗುರುತು ಹಿಡಿಯಿತು, ಅದರಲ್ಲಿ ಅನುಮಾನವಿಲ್ಲ, ಒಂದು ಕಿವಿ ಹಿಂದಕ್ಕೆ ಮಡಚಿತು. ಆಮೇಲೆ ಮತ್ತೆ ಗೋದಲಿಯೊಳಕ್ಕೆ ಇಳಿಯಿತು.

"ನೋಡಿದ್ರಾ," ಅಂದಳು ಅಮ್ಮ. "ಇಷ್ಟು ವರ್ಷ ನನ್ನ ಕೈಯ ಬ್ರೆಡ್ಡು ತಿಂದು, ಈಗ ಪರಿಚಯವೇ ಇಲ್ಲದ ಹಾಗೆ."

"ಹಡಗಿನ ಮೇವು ಚೆನ್ನಾಗಿರುತ್ತೆ ಅಕ್ಕಾ," ಅಂದ ಖಲಾಸಿ. "ಬೆಲ್ಲದ ನೀರು ಹಾಕಿರ್ತೀವಿ."

"ಬೆಲ್ಲ ಹಾಕಿದ್ರೆ ನಾನೂ ಇಲ್ಲೇ ಇರ್ತಿದ್ದೆ," ಅಂದ ಅಪ್ಪ. ಅಮ್ಮ ಅವನ ಕಡೆ ತಿರುಗಿದ ಬಗೆಗೆ ಆ ಮಾತು ಅಲ್ಲೇ ಮುಗಿಯಿತು.

ಅಮ್ಮ ಬಕೆಟ್ಟಿನಿಂದ ಬ್ರೆಡ್ಡಿನ ತುಂಡು ತೆಗೆದು ಕಂಬಿಯ ಸಂದಿಯಲ್ಲಿ ಹಿಡಿದು, ಬೆಳಿಗ್ಗೆ ಮಗಳನ್ನು ಎಬ್ಬಿಸುವ ದನಿಯಲ್ಲಿ ಕರೆದಳು. "ಬನ್ನಿ ಮೇಷ್ಟ್ರೇ. ಸಾಕು. ಮನೆಗೆ ಹೋಗೋಣ." ಮೇಷ್ಟ್ರು ನಿಟ್ಟುಸಿರಿಟ್ಟರು. ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದರು. ಬಾಗಿಲ ಕಡೆ ಬಂದು ನಿಂತರು. ಅಪ್ಪ ಸಂತೋಷದಿಂದ ಚಿಲಕ ಸರಿಸಿ ಬಾಗಿಲನ್ನು ಅಗಲವಾಗಿ ತೆರೆದ.

ಅಲ್ಲಿದ್ದವರಲ್ಲಿ ಮನೆಯ ಮೂವರೂ ಮೇಷ್ಟ್ರನ್ನು ಬಲ್ಲವರು. ಮೇಷ್ಟ್ರ ಕಸುಬೇನು ಎಂಬುದು ಆ ಗಳಿಗೆಯಲ್ಲಿ ಮೂವರಿಗೂ ಹೊಳೆಯಲಿಲ್ಲ.

ಮೇಷ್ಟ್ರು ಹೊರಗೆ ಬಂದರು. ಅವರ ಹಿಂದೆ ಒಂದು ಬಂತು. ಅದರ ಹಿಂದೆ ಇನ್ನೊಂದು. ಅಪ್ಪ ಬಾಗಿಲು ಮುಚ್ಚಲು ಹೋದ. ಬಾಗಿಲಿಗೂ ಕಂಬಿಗೂ ನಡುವೆ ಮೂರನೆಯದು ಆಗಲೇ ಅರ್ಧ ಬಂದಿತ್ತು, ನಾಲ್ಕನೆಯದರ ಗದ್ದ ಅದರ ಬೆನ್ನ ಮೇಲಿತ್ತು. "ಹೋ, ಹೋ, ನೀವಲ್ಲ, ನೀವಲ್ಲ," ಎಂದು ಅಪ್ಪ ಕೈ ಅಡ್ಡ ಹಿಡಿದ. ಅವು ಅವನ ತೋಳಿನ ಕೆಳಗೆ ನುಸುಳಿದವು. ಮೇಷ್ಟ್ರು ನಡೆದ ಮೇಲೆ ತರಗತಿ ನಡೆಯಲೇಬೇಕು. ಅದು ಅವುಗಳಿಗೆ ಆ ಬೆಳಿಗ್ಗೆಯಷ್ಟೇ ಆಗಿದ್ದ ಪಾಠ, ಇನ್ನೂ ಮರೆತಿರಲಿಲ್ಲ.

ಓಣಿ ಕಿರಿದು, ಹಿಂದಿರುಗಲು ಜಾಗವಿಲ್ಲ. ಅಮ್ಮ ಮುಂದೆ ನಡೆಯದೆ ವಿಧಿಯಿರಲಿಲ್ಲ. ನಿಂತರೆ ಮೇಷ್ಟ್ರ ಮೂಗು ಬೆನ್ನಿಗೆ ತಾಗುತ್ತಿತ್ತು.

"ಬಡೀತಾ ಇರು," ಎಂದು ಹಿಂದೆಲ್ಲೋ ದನಗಳ ನಡುವಿನಿಂದ ಅಪ್ಪನ ದನಿ ಬಂತು. "ನಿಲ್ಲಿಸಿದ್ರೆ ಚೆಲ್ಲಾಪಿಲ್ಲಿ ಆಗ್ತಾವೆ."

ಹಾಗೆ ಅಮ್ಮ ಬಕೆಟ್ ಬಡಿಯುತ್ತಾ ಅಂತಸ್ತು ಇಳಿದಳು. ಅವಳ ಬದಿಗೆ ಪೀಪಿ, ಹಿಂದೆ ಮೇಷ್ಟ್ರು, ಅವರ ಹಿಂದೆ ಒಂದಿಡೀ ದೊಡ್ಡಿ, ಕಟ್ಟಕಡೆಗೆ ಅಪ್ಪ. ತಿರುವಿನಲ್ಲಿ ಎಡ ಚಪ್ಪಲಿ ಕಳಚಿಹೋಯಿತು. ಬಗ್ಗಿ ತೆಗೆದುಕೊಳ್ಳುವ ಯೋಚನೆ ಬರುವಷ್ಟರಲ್ಲಿ ಅದರ ಮೇಲೆ ಎಷ್ಟೋ ಗೊರಸು ಹಾದಿದ್ದವು. ಕಬ್ಬಿಣದ ಇಳಿಜಾರಿನ ತುದಿಯಲ್ಲಿ ಹಗಲ ಬೆಳಕು ಕಣ್ಣಿಗೆ ಹೊಡೆಯಿತು. ಕೆಳಗೆ ಕ್ಯಾಪ್ಟನ್ ತಲೆಯೆತ್ತಿ ನೋಡಿದ. ಒಂಟಿ ಚಪ್ಪಲಿಯ ಹೆಂಗಸೊಬ್ಬಳು ಸೌಟು ಹಿಡಿದು ಅವನ ಸರಕನ್ನು ಇಳಿಸಿಕೊಂಡು ಬರುತ್ತಿದ್ದಳು.

"ತಾಯಿ," ಅಂದ ಕ್ಯಾಪ್ಟನ್. "ನಾನು ಒಂದು ಎತ್ತು ಅಂತ ಕೇಳಿಸಿಕೊಂಡಿದ್ದೆ."

ಕಟ್ಟೆಯ ಮೇಲೆ ಬಿಸಿಲಿತ್ತು. ದನಗಳು ಹೊರಗೆ ಬಂದು ಕಣ್ಣು ಮಿಟುಕಿಸುತ್ತಾ ನಿಂತವು, ಆಮೇಲೆ ರಜೆ ಸಿಕ್ಕಿದವರಂತೆ ಚದುರಿದವು. ಒಂದು ಚಹಾದಂಗಡಿಯ ನೀರಿನ ಡ್ರಮ್ಮಿಗೆ ಬಾಯಿ ಹಾಕಿತು. ಒಂದು ರಟ್ಟಿನ ಪೆಟ್ಟಿಗೆ ತಿಂದಿತು. ಒಂದು, ಹಣೆಯಲ್ಲಿ ಕೂದಲು ಸುಳಿಯಾಗಿ ಸುತ್ತಿಕೊಂಡಿದ್ದದ್ದು, ಕ್ಯಾಪ್ಟನ್ನಿನ ಹಿಂದೆ ನಿಂತು ಆ ಬಿಳಿ ಅಂಗಿಯನ್ನು ಸೊಂಟದಿಂದ ಕಾಲರಿನವರೆಗೆ ಒಂದೇ ಎಳೆತಕ್ಕೆ ನೆಕ್ಕಿತು. ಕ್ಯಾಪ್ಟನ್ ಅಲ್ಲಾಡದೆ ಕಣ್ಣು ಮುಚ್ಚಿ ನಿಂತಿದ್ದ.

"ನಗಬೇಡ," ಅಂದಳು ಅಮ್ಮ ಮಗಳ ಕಿವಿಯಲ್ಲಿ.

ಪೀಪಿ ನಕ್ಕುಬಿಟ್ಟಳು. ಬೆಳಗಿನಿಂದ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಳಿಯ ದನದ ಹತ್ತಿರ ಹೋಗಿ ಬ್ರೆಡ್ಡಿನ ಚೂರು ಕೊಟ್ಟಳು. ಅದು ಅವಳ ಮಣಿಕಟ್ಟನ್ನೂ ನೆಕ್ಕಿತು. ಅವಳು ಅದರ ಸುಳಿಯನ್ನು ಬೆರಳಿನಿಂದ ಬಾಚಿ ಬೈತಲೆ ತೆಗೆದಳು. ಅಮ್ಮ ಸೌಟನ್ನು ಬಕೆಟ್ಟಿಗೆ ಹಾಕಿದಳು. ಮೇಷ್ಟ್ರು ಸಿಕ್ಕಿದರು, ಮಗು ನಗುತ್ತಿದೆ. ಆ ಪ್ರಶ್ನೆ ಇವತ್ತಿಗೆ ಕಳೆಯಿತು, ಹೊದಿಕೆ ಇನ್ನೊಂದು ಸಲ ಒಗೆದರಾಯಿತು.

"ಎಷ್ಟು ಚೆನ್ನಾಗಿ ಕರ್ಕೊಂಡು ಬಂದ್ರು ಅಲ್ವಾಮ್ಮಾ ಮೇಷ್ಟ್ರು?" ಅಂದಳು ಪೀಪಿ. "ಎಲ್ಲರನ್ನೂ."

ಕ್ಯಾಪ್ಟನ್ ಕಣ್ಣು ತೆರೆದ. "ನೀರು ಇಳೀತಾ ಇದೆ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಹತ್ತಿಸಿ."

ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಸಮುದ್ರವನ್ನು ನೋಡಿದಳು. ಬೇರೆ ದಾರಿಯಿರಲಿಲ್ಲ. ಅಪ್ಪ ಮೇಷ್ಟ್ರ ಕುತ್ತಿಗೆ ತಟ್ಟಿ ಇಳಿಜಾರಿನ ಕಡೆ ತಿರುಗಿಸಿದ.

"ಈ ಸಲ ಬಾಗಿಲು," ಅಂದ.

"ಬಾಗಿಲಲ್ಲಿ ನಾನೇ ನಿಂತಿರ್ತೀನಿ ಅಣ್ಣಾ," ಅಂದ ಖಲಾಸಿ. "ಹೊರಗೆ ಬಿಡೋದು ಮೇಷ್ಟ್ರೊಬ್ಬರನ್ನೇ. ಬೇರೆ ಯಾರನ್ನೂ ಬಿಡಲ್ಲ."

ಮೇಷ್ಟ್ರು ತಲೆ ತಗ್ಗಿಸಿ ನಡೆದರು. ಎರಡನೇ ಪಾಳಿಗೆ ಬೇಸರವಿರಲಿಲ್ಲ, ಆತುರವೂ ಇರಲಿಲ್ಲ. ಗೊರಸು ಕಬ್ಬಿಣದ ಮೇಲೆ ಟಣ್ ಎಂದಿತು. ಡ್ರಮ್ಮಿನಿಂದ ಒಂದು ಬಾಯಿ ಮೇಲೆದ್ದಿತು, ರಟ್ಟು ಅಗಿಯುತ್ತಿದ್ದದ್ದು ಅಗಿಯುವುದನ್ನು ನಿಲ್ಲಿಸಿತು. ಒಂದೊಂದಾಗಿ ಬಂದು ಸಾಲು ಹಿಡಿದವು. ಯಾರೂ ಕೂಗಲಿಲ್ಲ, ಯಾರೂ ಹೊಡೆಯಲಿಲ್ಲ. ಅಪ್ಪ ಅದಕ್ಕೇ ಮೇಷ್ಟ್ರನ್ನು ಸಾಕಿದ್ದು. ನೋಡಲು ಚಂದವೇ ಇತ್ತು, ನೋಡುವುದಷ್ಟೇ ಆದರೆ. ಬೈತಲೆ ತೆಗೆಸಿಕೊಂಡಿದ್ದ ಆ ಒಂದು ಎಲ್ಲಕ್ಕಿಂತ ಹಿಂದೆ ಉಳಿಯಿತು. ಇಳಿಜಾರಿನ ಬುಡದಲ್ಲಿ ನಿಂತು ಪೀಪಿಯ ಕಡೆ ನೋಡಿತು. ಮುಂದಿನ ಬಾಲ ದೂರವಾಗುತ್ತಿರುವುದು ಕಂಡು, ಬಿಟ್ಟುಹೋದರೆಂಬ ಗಾಬರಿಯಲ್ಲಿ ಓಡಿ ಹತ್ತಿತು.

ಕತ್ತಲೆ ಬಾಯಿ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಕಿರಿದಾದ ದಾರಿಯಲ್ಲಿ ಮೇಷ್ಟ್ರು ಒಬ್ಬರೇ ಇಳಿದು ಬಂದರು. ಬಾಗಿಲಲ್ಲಿ ಖಲಾಸಿ, ದೊಡ್ಡ ಮನುಷ್ಯರನ್ನು ಬೀಳ್ಕೊಡುವಂತೆ ಕೈ ಚಾಚಿ ನಿಂತಿದ್ದ. ಮೇಷ್ಟ್ರು ಹಿಂದೆ ತಿರುಗಿ ನೋಡಲಿಲ್ಲ. ನೇರವಾಗಿ ಬಂದು ಪೀಪಿಯ ಮುಂದೆ ನಿಂತು, ಮೂಗು ಮುಂದೆ ಚಾಚಿದರು.

ಬಕೆಟ್ ಖಾಲಿಯಾಗಿತ್ತು. ಉಳಿದ ಒಂದೇ ತುಂಡು ಬ್ರೆಡ್ಡು ಪೀಪಿಯ ಮುಷ್ಟಿಯಲ್ಲಿತ್ತು.

"ಕೊಡು ಪುಟ್ಟಾ," ಅಂದಳು ಅಮ್ಮ. "ಕಾಯ್ತಿದ್ದಾರೆ."

ಪೀಪಿ ಮುಷ್ಟಿ ಬಿಚ್ಚಲಿಲ್ಲ. ಹಿಂದೆ ಹಡಗು ಕೂಗಿತು, ಹಗ್ಗ ಬಿಚ್ಚುವ ಸದ್ದಾಯಿತು. ಅವಳು ಮೇಷ್ಟ್ರ ಮುಖವನ್ನು ನೋಡಿದಳು. ಆ ದೊಡ್ಡ ಕಂದು ಕಣ್ಣುಗಳಲ್ಲಿ ಒಂದಾದ ಮೇಲೊಂದರಂತೆ ಹುಡುಕಿದಳು. ಮೇಷ್ಟ್ರು ಶಾಂತವಾಗಿ ಮೆಲುಕು ಹಾಕುತ್ತಿದ್ದರು.

"ಅಮ್ಮಾ, ಒಂದು ಕೇಳ್ಲಾ?"

ಬೆಳಗಿನ ಅದೇ ದನಿ. ಅಮ್ಮ ಬಕೆಟ್ ಕೆಳಗಿಟ್ಟು ಮಗಳ ಪಕ್ಕ ಮಂಡಿಯೂರಿ ಕುಳಿತಳು. ಜೋಡಿಸಿಟ್ಟ ಮಾತುಗಳೆಲ್ಲ ಇದ್ದವು, ಈ ಸಲ ನೆಟ್ಟಗೇ ನಿಂತಿದ್ದವು. "ಕೇಳು," ಅಂದಳು.

"ಅವು ಯಾರೂ ವಾಪಸ್ ಬರಲ್ಲ ಅಂತ ಮೇಷ್ಟ್ರಿಗೆ ಗೊತ್ತಾ?"